ಐವತ್ತರ ನೋಟು ಹಿಡಿದು ಹಂಪಿಯಲ್ಲಿ

ನೋಡಿ, ಇದೇ ಶಾಟ್. ನೋಟು ಮುಂದೆ, ರಥ ಹಿಂದೆ. ಹಂಪಿಗೆ ಬಂದವರೆಲ್ಲ ಈ ಫೋಟೋ ತೆಗೆಯುತ್ತಾರೆ, ನಾನು ಬಿಡುತ್ತೇನಾ? ಈ ನೀಲಿ ಐವತ್ತು ಬಂದಿದ್ದು 2017ರಲ್ಲಿ. ಹಳೇ ನೋಟಿನ ಹಿಂಬದಿಯಲ್ಲಿ ಸಂಸತ್ ಭವನ ಇತ್ತು. ನಮ್ಮ ವಿಠ್ಠಲ ದೇವಸ್ಥಾನ ಬಂದಿದ್ದು ನನಗಂತೂ ತುಂಬಾ ಖುಷಿ. ಬಣ್ಣ ಮಾತ್ರ ಹಿಡಿಸಿಲ್ಲ. ಕಲ್ಲಿನ ರಥಕ್ಕೆ ಇಷ್ಟು ಮಿಂಚುವ ನೀಲಿ ಯಾಕೆ?

ಜೂಮ್ ಮಾಡುತ್ತೇನೆ. ಮುಂದೆ ಆನೆಗಳಿವೆ ಅಲ್ವಾ? ಅವನ್ನು ಆಮೇಲೆ ತಂದಿಟ್ಟಿದ್ದು. ಮೊದಲು ಅಲ್ಲಿ ಕುದುರೆಗಳಿದ್ದವು. ಆನೆಗಳ ಹಿಂದೆ ಕುದುರೆಯ ಹಿಂಗಾಲು, ಬಾಲ ಈಗಲೂ ಉಳಿದಿವೆ. ಮೇಲೆ ಇಟ್ಟಿಗೆಯ ಗೋಪುರವೂ ಇತ್ತು. ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಫೋಟೋದಲ್ಲಿ ಅದು ಚೆನ್ನಾಗಿ ಕಾಣುತ್ತದೆ. ನೋಟಿನಲ್ಲಿರುವುದು ಗೋಪುರ ಕಳೆದುಕೊಂಡ ರಥ. ರಥ ಅಂದರೂ ಇದು ಎಳೆಯುವ ತೇರಲ್ಲ, ಗರುಡನ ಗುಡಿ.

ಈಗ ನನ್ನ ಕೈಯಲ್ಲಿರುವ ನೋಟಿನ ವಿಷಯ. ಎಳನೀರು ಕುಡಿದು ನೂರು ಕೊಟ್ಟೆ, ಚಿಲ್ಲರೆಗೆ ಇದು ಬಂತು. ಸರಿಯಾಗಿ ರಥದ ಮೇಲೇ ಟೇಪ್! ಊಟದ ಹೋಟೆಲ್‌ನಲ್ಲಿ ಕೊಟ್ಟರೆ, "ಇದು ನಡೆಯಲ್ಲಣ್ಣ, ಬೇರೆ ಕೊಡಿ." ಆಟೋದವರೂ ಅದೇ ಮಾತು. ಎರಡೂ ತುಂಡು ಒಂದೇ ನೋಟಿನವು, ನಂಬರ್ ಕೂಡುತ್ತದೆ. ಬ್ಯಾಂಕಿಗೆ ಹೋದರೆ ಬದಲಾಯಿಸಿ ಕೊಡಬೇಕು. ಆದರೆ ಐವತ್ತು ರೂಪಾಯಿಗೆ ಯಾರು ಬ್ಯಾಂಕಿನಲ್ಲಿ ಕ್ಯೂ ನಿಲ್ಲುತ್ತಾರೆ ಹೇಳಿ? ಹರಿದಿದ್ದಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು ಇದಕ್ಕೆ. ಖಾಲಿ ಜಾಗದಲ್ಲಿ ಯಾರೋ ಫೋನ್ ನಂಬರ್ ಬರೆದಿದ್ದಾರೆ. ನಂಬರ್ ಬ್ಲರ್ ಮಾಡಿದ್ದೇನೆ. ಅದು ಖಾಲಿ ಜಾಗವೇ ಅಲ್ಲ ಕಣ್ರೀ! ಬೆಳಕಿಗೆ ಹಿಡಿಯುತ್ತೇನೆ, ನೋಡಿ. ಗಾಂಧೀಜಿ ಮುಖ, ಪಕ್ಕದಲ್ಲಿ 50. ಅಸಲಿ ನೋಟು ಅಂತ ಗೊತ್ತಾಗುವುದೇ ಅಲ್ಲಿ. ಅದರ ಮೇಲೆ ಬಾಲ್ ಪೆನ್! ಸುಮ್ನೆ ಒಂದು ಚೀಟಿ ಸಿಗಲಿಲ್ವಾ?

ಸ್ವಚ್ಛ ಭಾರತದ ಕನ್ನಡಕ ಇಲ್ಲಿದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯದು, "ಐವತ್ತು ರೂಪಾಯಿಗಳು". ನೋಟು ಅಚ್ಚಾಗುವ ಊರುಗಳಲ್ಲಿ ನಮ್ಮ ಮೈಸೂರೂ ಒಂದು.

ಬಣ್ಣ ಹಿಡಿಸಿಲ್ಲ ಅಂದೆನಲ್ಲ, ಆ ಮಾತು ವಾಪಸ್. ಹೋಟೆಲ್ ಗಲ್ಲಾದಲ್ಲಿ ನೂರರ ನೋಟುಗಳ ಪಕ್ಕ ಇಟ್ಟಿದ್ದರು, ತಟ್ಟನೆ ಬೇರೆ ಕಂಡಿತು. ಕಣ್ಣಿದ್ದವರಿಗೆ ಈ ನೀಲಿ ಒಳ್ಳೇದೇ. ಕಣ್ಣು ಕಾಣದವರಿಗೆ? ಹಳೇ ಐವತ್ತರಲ್ಲಿ ಬೆರಳಿಗೆ ಸಿಗುವ ಉಬ್ಬು ಚೌಕ ಇತ್ತು. ಹೊಸದರಲ್ಲಿ ಇಲ್ಲ. ನೂರರಿಂದ ಮೇಲಿನ ನೋಟುಗಳಿಗೆ ಮಾತ್ರ ಆ ಗುರುತು. ಐವತ್ತಕ್ಕೂ ನೂರಕ್ಕೂ ಅಗಲ ಒಂದೇ, 66 ಮಿಲಿಮೀಟರ್. ಉದ್ದದಲ್ಲಿ 7 ಮಿಲಿಮೀಟರ್ ವ್ಯತ್ಯಾಸ. ಬಸ್ಸಿನ ನೂಕುನುಗ್ಗಲಿನಲ್ಲಿ ಬೆರಳಿಂದ ಅಳೆಯಲು ಆಗುತ್ತದಾ? ದಿನಾ ಕೈ ಬದಲಾಯಿಸುವ ನೋಟು ಇದು. ಆ ಚೌಕ ವಾಪಸ್ ಬರಲೇಬೇಕು.

ಅಯ್ಯೋ, ಬ್ಯಾಟರಿ ಗಾಡಿ ಹೊರಟೇಬಿಟ್ಟಿತು. ಬನ್ನಿ ಬನ್ನಿ, ಹತ್ತೋಣ.