ಪಿನ್ ನಂಬಿ ಆರ್‌ವಿ ಇಳಿಸಬೇಡಿ

ನಮಸ್ಕಾರ. ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಆರ್‌ವಿ, ಅಂದ್ರೆ ಒಳಗೇ ಮಲಗೋ, ಅಡುಗೆ ಮಾಡೋ ವ್ಯವಸ್ಥೆ ಇರೋ ಗಾಡಿ ತಗೊಂಡು, ಕರೆಂಟು, ನಲ್ಲಿ ಏನೂ ಇಲ್ಲದ ಬಯಲಲ್ಲಿ ರಾತ್ರಿ ಕಳೀಬೇಕು ಅನ್ನೋವ್ರಿಗೆ ಇವತ್ತಿನ ಮಾತು. ತಂಗೋ ಜಾಗ ತೋರಿಸೋ ಆ್ಯಪ್ ತೆರೆದು, ನಕ್ಷೆ ಮೇಲೆ ಯಾರೋ ನೆಟ್ಟ ಪಿನ್ ನೋಡಿ, ಅದರ ಕೆಳಗೆ ‘ರೋಡ್ ಚೆನ್ನಾಗಿದೆ’ ಅನ್ನೋ ಒಂದು ಸಾಲು ಓದಿ, 25 ಅಡಿ ಗಾಡಿಯನ್ನ ಸೀದಾ ಮಣ್ಣುದಾರಿಗೆ ಇಳಿಸ್ತಾರಲ್ಲ, ಅದು ತಪ್ಪು. ಆ ಸಾಲು ಬರೆದವರು ಯಾವ ಗಾಡೀಲಿ ಹೋಗಿದ್ರು, ಯಾವ ತಿಂಗಳಲ್ಲಿ ಹೋಗಿದ್ರು ಅನ್ನೋದು ಗೊತ್ತಾಗದ ಹೊರತು ಅದಕ್ಕೆ ಬೆಲೆ ಇಲ್ಲ. ಸಣ್ಣ ಎಸ್‌ಯುವಿಗೆ ಸಲೀಸಾದ ದಾರಿ ಆರ್‌ವಿಗೆ ಬಲೆ ಆಗಬಹುದು.

ಜಾಗಕ್ಕೇನೂ ಬರ ಇಲ್ಲ. ಕೇಂದ್ರ ಸರ್ಕಾರದ ಜಮೀನು ನೋಡ್ಕೊಳ್ಳೋ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಅಂದ್ರೆ ಬಿಎಲ್‌ಎಂ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ, ‘ನ್ಯಾಷನಲ್ ಫಾರೆಸ್ಟ್’ ಅನ್ನೋ ಸರ್ಕಾರಿ ಕಾಡುಗಳನ್ನ ನೋಡ್ಕೊಳ್ಳೋ ಫಾರೆಸ್ಟ್ ಸರ್ವಿಸ್ ಕೈಯಲ್ಲಿ ಸುಮಾರು 19.3 ಕೋಟಿ ಎಕರೆ ಇದೆ. ನಮ್ಮೂರಲ್ಲಿ ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ರಾತ್ರಿ ಉಳಿಯೋ ಹಾಗಿಲ್ಲ, ಹಾಗಾಗಿ ಅಮೆರಿಕದ ಈ ನೆಲದಲ್ಲಿ ದುಡ್ಡೂ ಕೊಡದೆ, ಬುಕಿಂಗೂ ಇಲ್ಲದೆ ಉಳೀಬಹುದು ಅಂದ್ರೆ ಹೊಸಬರಿಗೆ ನಂಬಿಕೆ ಬರಲ್ಲ. ಉಳೀಬಹುದು, ಸಾಮಾನ್ಯವಾಗಿ 14 ದಿನದವರೆಗೆ. ಆದರೆ ಎಲ್ಲ ಕಡೆ ಅಲ್ಲ. ಅರಿಝೋನಾದಲ್ಲಿ ರಾಜ್ಯದ ಕೈಯಲ್ಲಿರೋ ‘ಸ್ಟೇಟ್ ಟ್ರಸ್ಟ್’ ಜಮೀನಿಗೆ ಪರ್ಮಿಟ್ ಬೇಕು. ಊಟಾ ರಾಜ್ಯದ ಮೋಆಬ್ ಊರಿನ ಸುತ್ತಮುತ್ತ ಬಹಳಷ್ಟು ಕಡೆ ಗುರುತು ಹಾಕಿದ ಜಾಗದಲ್ಲೇ ನಿಲ್ಲಿಸಬೇಕು. ಕ್ಯಾಲಿಫೋರ್ನಿಯಾದ ಅಲಬಾಮಾ ಹಿಲ್ಸ್‌ನಲ್ಲೂ ಈಗ ಹಾಗೇ, ಜೊತೆಗೆ ಪರ್ಮಿಟ್ಟೂ ಬೇಕು. ಜನ ಮುಗಿಬಿದ್ದು ನೆಲ ಹಾಳಾದ ಮೇಲೆ ಬಂದ ನಿರ್ಬಂಧ ಅದು. ಅದಕ್ಕೇ, ಒಳ್ಳೇ ಜಾಗ ಸಿಕ್ಕ ಕೂಡಲೇ ಅದರ ಲೊಕೇಶನ್ ಎಲ್ಲರಿಗೂ ಹಂಚೋದನ್ನ ನಾವು ಒಪ್ಪಲ್ಲ.

ಮನೆಯಲ್ಲೇ ಮಾಡಬೇಕಾದ ಕೆಲಸ ಮೊದಲು. ಗಾಯಾ ಅಥವಾ ಆನ್‌ಎಕ್ಸ್ ಅನ್ನೋ ನಕ್ಷೆ ಆ್ಯಪ್‌ನಲ್ಲಿ ಜಮೀನು ಯಾರದ್ದು ಅಂತ ತೋರಿಸೋ ಲೇಯರ್ ಹಾಕಿ. ನೆವಾಡಾದಲ್ಲಿ ಹಳೇ ರೈಲುದಾರಿಯ ಅಕ್ಕಪಕ್ಕ ಒಂದು ಚದರ ಮೈಲಿ ಸರ್ಕಾರದ್ದು, ಪಕ್ಕದ್ದು ಖಾಸಗಿ, ಹೀಗೆ ಚದುರಂಗದ ಹಲಗೆ ಥರ ಹಂಚಿಹೋಗಿದೆ. ಬೇಲಿ ಇಲ್ಲ ಅಂದ ಮಾತ್ರಕ್ಕೆ ಅದು ಸಾರ್ವಜನಿಕ ನೆಲ ಅಂತ ಅಂದ್ಕೋಬೇಡಿ. ನ್ಯಾಷನಲ್ ಫಾರೆಸ್ಟ್ ಆದ್ರೆ ಯಾವ ರಸ್ತೇಲಿ ಗಾಡಿ ಹೋಗಬಹುದು ಅಂತ ತೋರಿಸೋ ‘ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್’ ಇಳಿಸ್ಕೊಳ್ಳಿ, ಬಿಟ್ಟಿ ಸಿಗುತ್ತೆ. ರಸ್ತೆಯ ಪಕ್ಕ ಚುಕ್ಕಿಗಳ ಸಾಲು ಇದ್ದರೆ ಅಲ್ಲಿ ಗಾಡಿ ಇಳಿಸಿ ತಂಗಬಹುದು. ನಕ್ಷೆಯಲ್ಲಿ ಇಲ್ಲದ ರಸ್ತೆಗೆ ಗಾಡಿ ಹಾಕೋ ಹಾಗೇ ಇಲ್ಲ. ಆದರೆ ರಸ್ತೆ ಈಗ ಯಾವ ಸ್ಥಿತೀಲಿದೆ ಅಂತ ಆ ನಕ್ಷೆ ಹೇಳಲ್ಲ. ಅದಕ್ಕೆ ಆ ವಲಯದ ರೇಂಜರ್, ಅಂದ್ರೆ ಅರಣ್ಯ ಅಧಿಕಾರಿಯ ಕಚೇರಿಗೆ ಫೋನ್ ಮಾಡಿ.

ಆಮೇಲೆ ಗೂಗಲ್ ಅರ್ಥ್. ಜಾಗಕ್ಕಿಂತ ಮೊದಲು ಹುಡುಕಬೇಕಾದ್ದು ಗಾಡಿ ತಿರುಗಿಸೋ ಜಾಗ. 25 ಅಡಿ ಗಾಡಿಗೆ 60 ಅಡಿ ಅಗಲದ ಖಾಲಿ ನೆಲ ಎಲ್ಲೆಲ್ಲಿದೆ ಅಂತ ಅಳತೆಯ ಸಲಕರಣೆಯಿಂದ ಅಳೆದು ಗುರುತು ಹಾಕ್ಕೊಳ್ಳಿ. ಅರ್ಧ ಮೈಲಿಗೆ ಒಂದೂ ಸಿಗದ ದಾರಿಯನ್ನ ಬಿಟ್ಟುಬಿಡಿ, ಕೊನೆಯಲ್ಲಿ ಎಂಥಾ ಚಂದದ ಜಾಗ ಇದ್ದರೂ ಸರಿ. ಹಳೇ ವರ್ಷಗಳ ಚಿತ್ರಗಳನ್ನೂ ತೆಗೆದು ನೋಡಿ, ಮಳೆಗೆ ದಾರಿ ಎಲ್ಲಿ ಕೊಚ್ಚಿಹೋಗುತ್ತೆ ಅಂತ ಅದರಲ್ಲೇ ಕಾಣುತ್ತೆ.

ಇಷ್ಟಾದ ಮೇಲೂ ಡಾಂಬರು ಮುಗಿಯೋ ಕಡೆ ಗಾಡಿ ನಿಲ್ಲಿಸಿ, ಇಳಿದು ನಡೀಬೇಕು. ಇದನ್ನೇ ಎಲ್ಲರೂ ಬಿಡೋದು. ಟ್ರೇಲರ್ ಇದ್ದರೆ ಕಳಚಿಟ್ಟು ಬರೀ ಟ್ರಕ್‌ನಲ್ಲಿ ಹೋಗಿ ಬನ್ನಿ. ವ್ಯಾನ್ ಚಾಸಿ ಮೇಲೆ ಮನೆ ಕಟ್ಟಿದ ‘ಕ್ಲಾಸ್ ಸಿ’ ಮೋಟರ್‌ಹೋಮ್ ಆದರೆ ಕಾಲ್ನಡಿಗೆ, ಇಲ್ಲಾ ಸೈಕಲ್. ಫಾರೆಸ್ಟ್ ರಸ್ತೆಯ ನಂಬರ್ ಫಲಕ ಅಡ್ಡಡ್ಡ ಇದ್ದರೆ ಸಾಮಾನ್ಯವಾಗಿ ಕಾರು ಹೋಗೋ ದಾರಿ. ಉದ್ದುದ್ದ ನಿಲ್ಲಿಸಿದ್ದರೆ ತಳ ನೆಲದಿಂದ ಎತ್ತರದಲ್ಲಿರೋ ಗಾಡಿಗಳಿಗೆ ಮಾತ್ರ, ವಾಪಸ್ ಬನ್ನಿ. ದಾರಿ ತಗ್ಗಿಗಿಳಿದು ಏರೋ ಕಡೆ ನಿಂತು ನೋಡಿ: ಮೋಟರ್‌ಹೋಮ್‌ನ ಹಿಂದಿನ ಚಕ್ರದಾಚೆ ಹಲವಾರು ಅಡಿ ಬಾಡಿ ಚಾಚಿಕೊಂಡಿರುತ್ತೆ. ಮುಂಭಾಗ ಏರು ಹತ್ತುವಾಗ ಹಿಂಭಾಗ ನೆಲಕ್ಕೆ ತಾಗುತ್ತೆ, ಕೆಳಗೆ ಜೋತಿರೋ ಕೊಳಚೆ ಟ್ಯಾಂಕಿನ ಪೈಪು ಮುರಿಯುತ್ತೆ. ಮೇಲೆ ಕೊಂಬೆಗಳು 12 ಅಡಿಗಿಂತ ಕೆಳಗಿದ್ದರೆ ಎಸಿ, ಸೋಲಾರ್ ಪ್ಯಾನೆಲ್ ಉಳಿಯಲ್ಲ.

ನೆಲವನ್ನ ಕಾಲಲ್ಲಿ ಪರೀಕ್ಷೆ ಮಾಡಿ. ಹಿಮ್ಮಡಿ ಒಂದು ಇಂಚಿಗಿಂತ ಹೆಚ್ಚು ಹೂತರೆ ಅದು ಮರಳು. ಫೋರ್ಡ್ ಇ-450 ಚಾಸಿ ಮೇಲೆ ಕಟ್ಟಿದ ಮೋಟರ್‌ಹೋಮ್‌ನ ತೂಕದ ಮಿತಿ 14,500 ಪೌಂಡ್, ಆರೂವರೆ ಟನ್. ಎಳೆಯೋದು ಹಿಂದಿನ ಚಕ್ರ ಮಾತ್ರ, ಒಮ್ಮೆ ಹೂತರೆ ಆಕ್ಸಲರೇಟರ್ ತುಳಿದಷ್ಟೂ ಆಳಕ್ಕೆ ಹೋಗುತ್ತೆ. ಒಣಮಣ್ಣು ಬಿರುಕುಬಿಟ್ಟು ಹೆಕ್ಕಳದ ಹಾಗೆ ಸುರುಳಿ ಎದ್ದಿದ್ದರೆ ಅದು ಜೇಡಿ. ದಕ್ಷಿಣ ಊಟಾದ ಕಾಟನ್‌ವುಡ್ ಕ್ಯಾನ್ಯನ್ ರಸ್ತೆ ಇದೇ ಥರದ್ದು, ಒಂದು ಮಳೆ ಬಿದ್ದರೆ ಫೋರ್‌ವ್ಹೀಲ್ ಡ್ರೈವ್ ಕೂಡ ಜಾರುತ್ತೆ. ಒಣಗಿ ಗಟ್ಟಿಯಾದ ಆಳದ ಚಕ್ರದ ಗುರುತು ಕಂಡರೆ, ಕಳೆದ ಮಳೇಲಿ ಅಲ್ಲಿ ಯಾರೋ ಸಿಕ್ಕಿಹಾಕ್ಕೊಂಡಿದ್ರು ಅಂತ ತಿಳ್ಕೊಳ್ಳಿ. ಗಾಡಿ ಬಾಡಿಗೆಗೆ ತಗೊಂಡಿದ್ದರೆ ಕರಾರು ಪತ್ರವನ್ನೂ ಓದಿ: ಬಹಳಷ್ಟರಲ್ಲಿ ಕಚ್ಚಾ ರಸ್ತೆಗೆ ಹೋಗೋದೇ ನಿಷಿದ್ಧ, ಎಳೆದು ತೆಗೆಸೋ ಖರ್ಚು ನಿಮ್ಮ ತಲೆಗೇ ಬರುತ್ತೆ.

ಜಾಗ ತಲುಪಿದ ಮೇಲೆ ನೋಡೋದು ಕಡಿಮೆ. ಹಿಂದೆ ಯಾರೋ ನಿಲ್ಲಿಸಿದ ಗಟ್ಟಿ ನೆಲದಲ್ಲೇ ನಿಲ್ಲಿಸಿ, ಹೊಸ ಹುಲ್ಲು ತುಳೀಬೇಡಿ. ನೀರಿನಿಂದ 200 ಅಡಿ ದೂರ ಇರಿ. ಒಣಹಳ್ಳದ ಪಾತ್ರದಲ್ಲಂತೂ ಬೇಡವೇ ಬೇಡ. ಅರಿಝೋನಾದಲ್ಲಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮಳೆ ಎಲ್ಲೋ ಬೆಟ್ಟದ ಮೇಲೆ ಬಿದ್ದು ನೀರು ಇಲ್ಲಿಗೆ ನುಗ್ಗುತ್ತೆ. ಗ್ಯಾಸ್‌ನಲ್ಲಿ ಓಡೋ ಫ್ರಿಜ್ ಇದ್ದರೆ ಗಾಡಿ ಅಡ್ಡಕ್ಕೆ ಮೂರು ಡಿಗ್ರಿಗಿಂತ ಹೆಚ್ಚು ವಾಲಬಾರದು, ಒಳಗಿನ ದ್ರವ ಸರಿಯಾಗಿ ಹರಿಯದೆ ಫ್ರಿಜ್ ಕೆಡುತ್ತೆ. ಕ್ಯಾಲಿಫೋರ್ನಿಯಾದ ಬಿಎಲ್‌ಎಂ, ಫಾರೆಸ್ಟ್ ನೆಲದಲ್ಲಿ ಹೊರಗೆ ಒಲೆ ಹಚ್ಚಿ ಕಾಫಿ ಕಾಯಿಸೋಕೂ ಕ್ಯಾಂಪ್‌ಫೈರ್ ಪರ್ಮಿಟ್ ಬೇಕು. ಆನ್‌ಲೈನ್‌ನಲ್ಲಿ ಬಿಟ್ಟಿ ಸಿಗುತ್ತೆ, ಸಿಗ್ನಲ್ ಇರುವಾಗಲೇ ತೆಗೆದಿಟ್ಟುಕೊಳ್ಳಿ.

ಇದಕ್ಕೆಲ್ಲ ಬೆಳಕು ಬೇಕು. ಸೂರ್ಯ ಮುಳುಗೋಕೆ ಮೂರು ಗಂಟೆ ಮೊದಲು ಡಾಂಬರು ಮುಗಿಯೋ ಜಾಗದಲ್ಲಿರಿ. ಒಂದು ಜಾಗ ಆಗಲಿಲ್ಲ ಅಂದ್ರೆ ಹೋಗೋಕೆ ಇನ್ನೆರಡು ಗುರುತು ಹಾಕಿಟ್ಟಿರಿ. ಅದೂ ಆಗದೆ ಕತ್ತಲಾದರೆ, ದುಡ್ಡು ಕೊಟ್ಟು ಹತ್ತಿರದ ಕ್ಯಾಂಪ್‌ಗ್ರೌಂಡ್‌ನಲ್ಲಿ ಮಲಗಿ, ಬೆಳಗ್ಗೆ ಹೋಗಿ ದಾರಿ ನೋಡಿ.