ಪಹಣಿಯ ಒಂದು ಅಕ್ಷರ

ಕೇಳುಗರಿಗೆ ನಮಸ್ಕಾರ. ಸರ್ಕಾರದ ಮಾಹಿತಿ ತಂತ್ರಜ್ಞಾನ ವಿಭಾಗದಲ್ಲಿ ನಿರ್ದೇಶಕನಾಗಿ ನಿವೃತ್ತನಾಗಿ ಕಾರವಾರಕ್ಕೆ ಮರಳಿದ ಮೇಲೆ, ಈ ವೃತ್ತಿಗೆ ಬರುವುದು ಹೇಗೆಂದು ನಮ್ಮ ಕೇರಿಯ ಹುಡುಗರು ಕೇಳುತ್ತಿರುತ್ತಾರೆ.

ದಾರಿ ಸರಳವಾಗಿಯೇ ಇದೆ. ಸರ್ಕಾರಿ ಕಚೇರಿಗಳ ಗಣಕ ವ್ಯವಸ್ಥೆಗಳನ್ನು ರೂಪಿಸುವ ಕೇಂದ್ರ ಸರ್ಕಾರದ ಸಂಸ್ಥೆಯಾದ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ, 1976ರಲ್ಲಿ ಆರಂಭವಾಯಿತು. ಅಲ್ಲಿ ವಿಜ್ಞಾನಿ-ಬಿ ಎಂಬ ಆರಂಭದ ದರ್ಜೆಯಲ್ಲಿ ಸೇರಿದವರು ಮುಂದಿನ ದರ್ಜೆಗೆ ಯಾರದೋ ಕುರ್ಚಿ ಖಾಲಿಯಾಗಲೆಂದು ಕಾಯಬೇಕಿಲ್ಲ. ನಿಗದಿತ ವರ್ಷಗಳ ಸೇವೆಯ ನಂತರ ಕೆಲಸದ ಮೌಲ್ಯಮಾಪನ ಮತ್ತು ಸಂದರ್ಶನದ ಮೂಲಕವೇ ಬಡ್ತಿ ದೊರೆಯುತ್ತದೆ.

ಆದರೆ ಕೆಲಸ ಕಲಿಯುವುದು ತಾಲ್ಲೂಕು ಕಚೇರಿಯಲ್ಲಿ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ 177 ತಾಲ್ಲೂಕುಗಳ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. 15 ರೂಪಾಯಿ ಕೊಟ್ಟರೆ ಕೌಂಟರಿನಲ್ಲೇ ಪಹಣಿ ಸಿಗುವಂತಾಯಿತು. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಲ್ಲಿದ್ದ ಸರ್ವೆ ನಂಬರು, ಹಿಸ್ಸಾ, 9ನೇ ಕಾಲಮ್ಮಿನ ಹಿಡುವಳಿದಾರರ ಹೆಸರು, 11ನೇ ಕಾಲಮ್ಮಿನ ಸಾಲದ ಬೋಜಾ, ಇವೆಲ್ಲವನ್ನೂ ಒಬ್ಬರು ಓದಿ ಮತ್ತೊಬ್ಬರು ಅಚ್ಚಾದ ಪ್ರತಿಯಲ್ಲಿ ಗುರುತು ಹಾಕಿ ತಾಳೆ ನೋಡಬೇಕಿತ್ತು. ನನ್ನ ಮಟ್ಟಿಗೆ ಆ ಯೋಜನೆಯ ಜೀವ ಇದ್ದುದು ಯಂತ್ರದಲ್ಲಲ್ಲ, ಈ ತಾಳೆಯಲ್ಲಿ.

ನಮ್ಮ ಜಿಲ್ಲೆಯಲ್ಲಿ ‘ನಾಯ್ಕ’ ಬೇರೆ, ‘ನಾಯಕ’ ಬೇರೆ. ಎರಡೂ ಬೇರೆಬೇರೆ ಮನೆತನಗಳ ಅಡ್ಡಹೆಸರುಗಳು. ಘಟ್ಟದ ಕೆಳಗಿನ ಒಂದು ಕಚೇರಿಯಲ್ಲಿ, ಜೂನ್ ತಿಂಗಳ ಮಳೆಯಲ್ಲಿ, ವಯಸ್ಸಾದ ಅಮ್ಮ ಒಬ್ಬರು ಪ್ಲಾಸ್ಟಿಕ್ ಚೀಲದಿಂದ ಪಹಣಿ ತೆಗೆದು ನನ್ನ ಮುಂದೆ ಇಟ್ಟರು. ಗಂಡನ ಹೆಸರಿನ ಮುಂದೆ ‘ನಾಯಕ’ ಎಂದು ಅಚ್ಚಾಗಿತ್ತು. ಸೊಸೈಟಿಯ ಬೆಳೆಸಾಲದ ಕಾಗದದಲ್ಲಿ ‘ನಾಯ್ಕ’ ಎಂದಿತ್ತು. “ತಮಾ, ಇದು ಯಾರ ಜಮೀನು?” ಎಂದು ಅವರು ಕೇಳಿದರು. ಒಂದು ಒತ್ತಕ್ಷರ ಕೈತಪ್ಪಿದ್ದು ನನ್ನ ಕಣ್ಣೆದುರು ನಡೆದ ದಾಖಲಾತಿಯಲ್ಲಿ. ಅದನ್ನು ಸರಿಪಡಿಸಲು ಅರ್ಜಿ, ವಿಚಾರಣೆ, ತಹಶೀಲ್ದಾರರ ಆದೇಶ ಇವೆಲ್ಲವೂ ಬೇಕು, ಬೇಕಾದದ್ದೇ ಕೂಡ, ಏಕೆಂದರೆ ಗಣಕದ ಮುಂದೆ ಕುಳಿತವರು ತಮ್ಮಷ್ಟಕ್ಕೆ ತಾವೇ ಹಿಡುವಳಿದಾರರ ಹೆಸರು ಬದಲಿಸುವಂತಾದರೆ ಯಾರ ಜಮೀನೂ ಉಳಿಯುವುದಿಲ್ಲ. ಆದರೆ ಆ ಅಮ್ಮ ಅಷ್ಟು ಸಲ ಬಸ್ಸು ಹತ್ತಿ ಬರಬೇಕಾಯಿತಲ್ಲ ಎಂಬ ನೋವು ನನಗೆ ಇಂದಿಗೂ ಇದೆ.

ಅಂದೇ ನನ್ನ ನೋಟ್‌ಪುಸ್ತಕದಲ್ಲಿ ಒಂದು ಪಟ್ಟಿ ಮಾಡಿಕೊಂಡೆ: ನಾಯ್ಕ, ನಾಯಕ, ಹೆಗಡೆ, ಹೆಗ್ಡೆ, ಭಟ್, ಭಟ್ಟ, ಗೌಡ, ಗೊಂಡ, ಸಿದ್ದಿ. ಮುಂದೆ ನಿರ್ದೇಶಕನಾದ ಮೇಲೂ, ಹಳೆಯ ಫಾಂಟಿನ ಕಡತಗಳನ್ನು ಯುನಿಕೋಡಿಗೆ, ಅಂದರೆ ಎಲ್ಲ ಗಣಕಗಳಿಗೂ ಸಮಾನವಾದ ಅಕ್ಷರ ಸಂಕೇತಕ್ಕೆ, ತರುವಾಗಲೂ, ಹೊಸ ತಂತ್ರಾಂಶಕ್ಕೆ ಒಪ್ಪಿಗೆ ಕೊಡುವ ಮುನ್ನ ಈ ಹೆಸರುಗಳನ್ನು ನಾನೇ ಟೈಪಿಸಿ, ಹುಡುಕಿಸಿ, ಕಾಗದದ ಮೇಲೆ ಅಚ್ಚು ಹಾಕಿಸಿ ನೋಡುತ್ತಿದ್ದೆ. ಒಂದು ಹೆಸರು ಕೆಟ್ಟರೂ ಸಹಿ ಹಾಕುತ್ತಿರಲಿಲ್ಲ.