ಕುಂದಾ ಮುಟ್ಟಿದ್ದು ಗೊತ್ತಾಯ್ತು, ಓಟು?

ನಮಸ್ಕಾರ್ರಿ. ಬೆಳಗಾವಿ ಸ್ಟೇಷನ್ನಿನಲ್ಲಿ ಕಪ್ಪು ಟ್ರಂಕಿನ ಮೇಲೆ ಕೂತು ರೈಲು ಕಾಯುವ ಹುಡುಗರನ್ನು ನೀವೂ ನೋಡಿರುತ್ತೀರಿ. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು. ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ಇಲ್ಲೇ ಕ್ಯಾಂಪಿನಲ್ಲಿದೆ, ಸಾಂಬ್ರಾದಲ್ಲಿ ಏರ್‌ಫೋರ್ಸಿನವರ ತರಬೇತಿ. ಮಿಲಿಟರಿ ಅಂದರೆ ನಮಗೆ ಪಕ್ಕದ ಮನೆ ಮಾತು.

ನನ್ನ ಕಾಕಾನ ಮಗ ಸೇನೆಯಲ್ಲಿದ್ದಾನೆ. ಊರು ಬೈಲಹೊಂಗಲ, ಪೋಸ್ಟಿಂಗ್ ಅರುಣಾಚಲ. 2023ರ ವಿಧಾನಸಭೆ ಚುನಾವಣೆ ಹೊತ್ತಿಗೆ ಅವನಿಗೆ ಎರಡು ಡಬ್ಬಿ ಕುಂದಾ ಪಾರ್ಸೆಲ್ ಮಾಡಿದ್ದೆ. ಅದು ಯಾವ ಊರು ದಾಟಿದರೂ ನನ್ನ ಮೊಬೈಲಿಗೆ ಮೆಸೇಜು. ಮುಟ್ಟುವಷ್ಟರಲ್ಲಿ ಹುಳಿ ಬಂದಿತ್ತಂತೆ, ಆ ಮಾತು ಬೇರೆ. ಅದೇ ವಾರ ಅವನು ಅಲ್ಲಿಂದ ಓಟು ಹಾಕಿ ಕಳಿಸಿದ. ಅದರ ಸುದ್ದಿಯೇ ಇಲ್ಲ. "ಅಣ್ಣಾ, ನನ್ನ ಓಟು ಮುಟ್ಟೈತೋ ಇಲ್ಲೋ?" ಅಂತ ಫೋನ್ ಮಾಡಿದ. ನಾನೇನು ಹೇಳಲಿ?

ಸೈನಿಕರಿಗೆ ಮತಪತ್ರ ಈಗ ಆನ್‌ಲೈನ್‌ನಲ್ಲೇ ಹೋಗುತ್ತದೆ. 2016ರಲ್ಲಿ ನಿಯಮ ಬದಲಿಸಿ ಈ ವ್ಯವಸ್ಥೆ ತಂದರು. ಆದರೆ ವಾಪಸು ಬರೋದು ಅಂಚೆಯಲ್ಲೇ. ಡೌನ್‌ಲೋಡ್ ಮಾಡು, ಪ್ರಿಂಟ್ ತೆಗಿ, ಗುರುತು ಹಾಕು, ಘೋಷಣಾ ಪತ್ರಕ್ಕೆ ಅಧಿಕಾರಿಯ ಸಹಿ ಮಾಡಿಸು, ಲಕೋಟೆಯೊಳಗೆ ಲಕೋಟೆ ಇಟ್ಟು ಪೋಸ್ಟ್ ಮಾಡು. ಎಣಿಕೆ ದಿನ ಬೆಳಿಗ್ಗೆ 8ರೊಳಗೆ ಅದು ಚುನಾವಣಾಧಿಕಾರಿ ಕೈಸೇರಬೇಕು. ತಡವಾಯ್ತೋ, ಲೆಕ್ಕಕ್ಕಿಲ್ಲ.

ಈಗ ದಿನ ಎಣಿಸಿ. 2023ರಲ್ಲಿ ನಾಮಪತ್ರ ವಾಪಸು ತೆಗೆಯಲು ಕೊನೆ ದಿನ ಏಪ್ರಿಲ್ 24. ಯಾರ್‍ಯಾರು ಕಣದಲ್ಲಿದ್ದಾರೆ ಅಂತ ಗೊತ್ತಾದ ಮೇಲೆಯೇ ಮತಪತ್ರ ತಯಾರಾಗೋದು. ಎಣಿಕೆ ಮೇ 13. ಸಿಕ್ಕಿದ್ದು 19 ದಿನ. 2024ರ ಲೋಕಸಭೆಗೆ ನಮ್ಮ ಕಡೆ ಏಪ್ರಿಲ್ 22ರಿಂದ ಜೂನ್ 4ರವರೆಗೆ 43 ದಿನ ಸಿಕ್ಕಿತು. ಸೈನಿಕರ ಮೇಲಿನ ಪ್ರೀತಿಗಲ್ಲ ಮತ್ತೆ! ದೇಶದಲ್ಲಿ ಏಳು ಹಂತ ಇದ್ದವು, ಅದಕ್ಕೆ.

2019ರ ಲೋಕಸಭೆ ಚುನಾವಣೆಯಲ್ಲಿ ದೇಶದಲ್ಲಿ ಸುಮಾರು 18 ಲಕ್ಷ ಸೇವಾ ಮತದಾರರಿದ್ದರು, ಅಂದರೆ ಸೈನಿಕರ ಹಾಗೆ ಸೇವೆಯಲ್ಲಿದ್ದು ಊರ ಹೊರಗಿನಿಂದ ಓಟು ಹಾಕುವವರು. ವಾಪಸು ಬಂದದ್ದು ಹತ್ತಿರ ಹತ್ತಿರ 11 ಲಕ್ಷ ಮತಪತ್ರ. ಉಳಿದವರಿಗೆಲ್ಲ ಆಸಕ್ತಿಯೇ ಇರಲಿಲ್ಲ ಅಂದರೆ ನಾನಂತೂ ಒಪ್ಪಲ್ಲ. ಒಂದೊಂದು ಓಟಿಗೆ ಏನು ಬೆಲೆ ಅನ್ನೋರು ಬೆಂಗಳೂರಿನ ಜಯನಗರ ನೆನಪು ಮಾಡಿಕೊಳ್ಳಿ. 2023ರಲ್ಲಿ ಅಲ್ಲಿ ಗೆಲುವಿನ ಅಂತರ 16.

ನನ್ನ ಬೇಡಿಕೆ ದೊಡ್ಡದೇನಲ್ಲ. ಯಾವ ಚುನಾವಣೆಯಾದರೂ ಅಂಚೆ ಓಟಿಗೆ ಕನಿಷ್ಠ ಇಷ್ಟು ದಿನ ಅಂತ ಇರಲಿ, ಒಂದು ತಿಂಗಳಾದರೂ. ಲಕೋಟೆ ಮುಟ್ಟಿದ ಕೂಡಲೇ ಸೈನಿಕನಿಗೆ ಒಂದು ಮೆಸೇಜು ಹೋಗಲಿ. ಲಕೋಟೆ ಮೇಲೆ ಹೇಗೂ ಕ್ಯೂಆರ್ ಕೋಡ್ ಇರುತ್ತದೆ.

ಮನೆಯವರ ಕಥೆ ಇನ್ನೊಂದು. ಜೊತೆಗಿರುವ ಹೆಂಡತಿಯೂ ಸೇವಾ ಮತದಾರಳಾಗಬಹುದು. 2021ರಲ್ಲಿ ಕಾನೂನು ತಿದ್ದಿದ ಮೇಲೆ ಮಹಿಳಾ ಸೈನಿಕರ ಗಂಡನಿಗೂ ಆ ಅವಕಾಶ ಬಂತು, ಒಳ್ಳೆಯದೇ. ಆದರೆ 18 ತುಂಬಿದ ಮಗ, ಮಗಳು? ಇಲ್ಲ. ಅಪ್ಪನಿಗೆ ವರ್ಗವಾದಾಗೆಲ್ಲ ಹೊಸ ಊರಿನಲ್ಲಿ ಹೆಸರು ಸೇರಿಸುತ್ತಾ ಓಡಾಡಬೇಕು.

ಇದೆಲ್ಲ ಸರಿಹೋಗುವವರೆಗೆ ಸೈನಿಕರಿಗೆ ಇರುವ ಒಂದು ದಾರಿ ನಮ್ಮ ಹಳ್ಳಿಗಳಲ್ಲಿ ಬಹಳ ಜನಕ್ಕೆ ಗೊತ್ತೇ ಇಲ್ಲ. ತನ್ನ ಬದಲು ಊರಿನಲ್ಲಿರುವ ಒಬ್ಬರನ್ನು ಓಟು ಹಾಕಲು ನೇಮಿಸಬಹುದು. ಫಾರ್ಮ್ 13ಎಫ್ ಅಂತಿದೆ. ರಜೆಗೆ ಬಂದಾಗ ಇಬ್ಬರೂ ನೋಟರಿ ಮುಂದೆ ಸಹಿ ಮಾಡಿ ಚುನಾವಣಾಧಿಕಾರಿಗೆ ಕೊಟ್ಟರಾಯ್ತು, ರದ್ದು ಮಾಡುವವರೆಗೂ ನಡೆಯುತ್ತದೆ.

ನಮ್ಮ ಹುಡುಗನೂ ಅದನ್ನೇ ಮಾಡಿದ. 2024ರ ಮೇ 7ರಂದು ಕಾಕು ಬೂತಿನಿಂದ ಹೊರಗೆ ಬಂದಾಗ ಎಡಗೈಯ ಎರಡು ಬೆರಳಿಗೆ ಶಾಯಿ. ತೋರುಬೆರಳಿಗೆ ಅವರದು, ನಡುಬೆರಳಿಗೆ ಮಗನದು. "ಅವ ಹೇಳಿದವ್ರಿಗೇ ಹಾಕೀರಿಲ್ರಿ ಕಾಕು?" ಅಂದೆ.

"ಅದನ್ನ ನಿನಗ್ಯಾಕ ಹೇಳ್ಲಿ?" ಅಂದವರೇ ಸೆರಗು ಹೊದ್ದು ಮನೆ ಕಡೆ ನಡೆದರು.